ಹಿಂದಿನ ಬೆಂಚಿನ ದೆವ್ವದ ಕಣ್ಣು

ಕಣ್ಣು ಮಾತ್ರ ಬರೆಯಕೂಡದು. ಇದು ಕುಲ್ಸುಂ ಬಿ ಹಾಕಿದ ಷರತ್ತು. ಮೂಗು ಬರಿ, ಬಾಯಿ ಬರಿ, ಬೇಕಾದರೆ ಕಿವಿಗೆ ಜುಮುಕಿಯನ್ನೂ ತೊಡಿಸು. ಕಣ್ಣಿಟ್ಟೆಯೋ, ಅದಕ್ಕೆ ಜೀವ ಬೇಡಿದ ಹಾಗೆ. ಲೋಕ ಮುಗಿದು ಲೆಕ್ಕ ಕೇಳುವ ಕಯಾಮತ್ತಿನ ದಿನ ಅಲ್ಲಾಹ್ ನಿನ್ನನ್ನು ನಿಲ್ಲಿಸಿಕೊಂಡು, 'ಬರೆದೆಯಲ್ಲ, ಈಗ ಇದಕ್ಕೆ ಉಸಿರು ಕೊಡು' ಅಂತಾನೆ. ಎಲ್ಲಿಂದ ತರುತ್ತೀ? ಮುದುಕಿ ಹೀಗೆ ಹೆದರಿಸಿದಾಗ, ಅವಳನ್ನು ದಾದಿ ಅನ್ನುವ ಮೊಮ್ಮಗಳು ಮುಬಶ್ಶಿರಾಳಿಗೆ ಒಂಬತ್ತು ವರ್ಷ. ಬಳಪ ಕೈಗೆ ಸಿಕ್ಕರೆ ನೆಲ, ಗೋಡೆ, ನೀರಿನ ಡ್ರಮ್ಮು ಯಾವುದನ್ನೂ ಬಿಡದ ಪೋರಿ. ಬರೆಯಲೇಬೇಡ ಅಂದರೆ ಕೇಳುವ ಪೈಕಿ ಅಲ್ಲ ಅಂತ ಮುದುಕಿಗೆ ಗೊತ್ತಿತ್ತು. ಅದಕ್ಕೇ ಕಣ್ಣಿನ ಮಟ್ಟಿಗೆ ರಾಜಿಯಾದಳು.

ಅಪ್ಪ ಅಬ್ದುಲ್ ರಹೀಂ ಚಾಮರಾಜನಗರದಲ್ಲಿ ಬೋರ್ಡ್ ಬರೆಯುವವನು. ಮನೆಯಲ್ಲಿ ಉರ್ದು ಮಾತಾಡಿಕೊಂಡು, ಹೊರಗೆ ಅರ್ಧ ಊರಿನ ಅಂಗಡಿಗಳ ಮೇಲೆ ಕನ್ನಡ ಅಕ್ಷರ ಬರೆದವನು. ಅವನ 'ಪ್ರೊವಿಜನ್ ಸ್ಟೋರ್ಸ್' ನೋಡಿದರೆ ಸಾಮಾನು ಬೇಡದವನೂ ಒಂದು ಗಳಿಗೆ ನಿಲ್ಲುತ್ತಿದ್ದ. ಮುಖಗಿಖದ ತಂಟೆಗೆ ಅವನು ಹೋದವನಲ್ಲ, ಅಮ್ಮ ಒಪ್ಪುವುದಿಲ್ಲ ಅನ್ನುತ್ತಿದ್ದ. ಮಗಳಿಗೆ ಹೇಳಿಕೊಟ್ಟದ್ದು ಒಂದೇ ಪಾಠ. "ನೋಡದೆ ಬರೀಬೇಡ ಬೇಟಿ. ಕುರ್ಚಿ ಬರೀಬೇಕಾದರೂ ಒಂದು ಕುರ್ಚಿ ಮುಂದೆ ಕೂತು ಬರಿ. ಮನಸ್ಸಿನಿಂದ ಬರೆದದ್ದು ಯಾವತ್ತೂ ಸೊಟ್ಟ."

ಈ ಎರಡು ಕಟ್ಟಳೆ ಹೊತ್ತುಕೊಂಡು ಹುಡುಗಿ ಹೈಸ್ಕೂಲಿಗೆ ಬಂದಳು. ನೋಡಿಯೇ ಬರೆಯಬೇಕು, ಕಣ್ಣು ಬರೆಯಕೂಡದು. ಎಂಥ ಮುಖವನ್ನು ನೋಡುವಾಗಲೂ ಕಣ್ಣಿನ ಜಾಗವನ್ನು ಹಾರಿಸಿಕೊಂಡು ಹೋಗುವುದು ಅವಳಿಗೆ ಅಭ್ಯಾಸವಾಗಿಬಿಟ್ಟಿತು.

ಎಂಟನೇ ಕ್ಲಾಸಿನಲ್ಲಿ ಅವಳ ಪಕ್ಕಕ್ಕೆ ಬಂದು ಕುಳಿತವಳು ಹತ್ತಿರದ ಹಳ್ಳಿ ಉಡಿಗಾಲದ ಭವ್ಯ. ಬಸ್ಸು ತಡವಾಯಿತು ಅನ್ನುತ್ತ ದಿನಾ ತಡವಾಗಿ ಬರುವವಳು, ಹಾಗಾಗಿ ಹಿಂದಿನ ಬೆಂಚೇ ಗತಿ. ಮಾತೋ, ಅರಳು ಹುರಿದ ಹಾಗೆ. ಓದಿನಲ್ಲಿ ಅಷ್ಟಕ್ಕಷ್ಟೆ, ಕತೆ ಕಟ್ಟಲು ಕುಳಿತಳೆಂದರೆ ಮೇಷ್ಟ್ರು ಬೋರ್ಡಿನ ಕಡೆ ತಿರುಗಿದ ಎರಡು ನಿಮಿಷದಲ್ಲಿ ಮೂರು ಜನರನ್ನು ಸಾಯಿಸಿ ಇಬ್ಬರನ್ನು ಎಬ್ಬಿಸುತ್ತಿದ್ದಳು. ಎರಡು ಸಾವಿರದ ನಾಲ್ಕನೇ ಇಸವಿಯ ಮಳೆಗಾಲದಲ್ಲಿ ಭವ್ಯಳ ಕತೆಗೆ ಮುಬಶ್ಶಿರಾ ಚಿತ್ರ ಬರೆಯುವುದೆಂದು ನಿಶ್ಚಯವಾಯಿತು. ಅದಕ್ಕೆ ಸಿಕ್ಕಿದ್ದು ವಿಜ್ಞಾನದ ರೆಕಾರ್ಡ್ ಬುಕ್ಕು. ಒಂದು ಪುಟಕ್ಕೆ ಗೆರೆ, ಎದುರು ಪುಟ ಬೋಳು. ಗೆರೆಯ ಪುಟದಲ್ಲಿ ಭವ್ಯ ಕತೆ ಬರೆಯುತ್ತಿದ್ದಳು, ಬೋಳು ಪುಟದಲ್ಲಿ ಮುಬಶ್ಶಿರಾ ನಾಲ್ಕೋ ಆರೋ ಚೌಕ ಹಾಕಿ ಚಿತ್ರ ಬರೆದು, ಬಾಯಿಂದ ಗುಳ್ಳೆ ಎಳೆದು ಅದರೊಳಗೆ ಮಾತು ತುಂಬುತ್ತಿದ್ದಳು. ಪುಸ್ತಕ ಒಂದು ವಾರ ನಗರದಲ್ಲಿ, ಒಂದು ವಾರ ಉಡಿಗಾಲದಲ್ಲಿ.

ಕತೆ ಇಷ್ಟೆ. ಒಂದು ಶಾಲೆ, ಅದರ ಹಿಂದಿನ ಬೆಂಚಿನಲ್ಲಿ ಒಂದು ದೆವ್ವ. ಎಂದೋ ಸತ್ತ ಹುಡುಗಿ ಅದು. ಹಾಜರಿ ಪುಸ್ತಕದಿಂದ ಅವಳ ಹೆಸರು ತೆಗೆಯಲು ಮೇಷ್ಟ್ರು ಮರೆತಿದ್ದಾರೆ, ಹೆಸರಿದ್ದ ಮೇಲೆ ಬರದೆ ಇರುವುದು ಹೇಗೆ? ಪಾಪ, ದಿನಾ ಬರುತ್ತದೆ. ಪಕ್ಕದಲ್ಲಿ ಕೂರುವ ಒಬ್ಬ ಹುಡುಗಿಗೆ ಬಿಟ್ಟು ಇನ್ಯಾರಿಗೂ ಕಾಣುವುದಿಲ್ಲ. ಬಸ್ಸಿನಲ್ಲಿ ಟಿಕೆಟ್ ತೆಗೆದುಕೊಳ್ಳುವುದಿಲ್ಲ. ಲೆಕ್ಕದ ಪರೀಕ್ಷೆಯಲ್ಲಿ ಮುಂದಿನವರ ಉತ್ತರ ನೋಡಿಬಂದು ಗೆಳತಿಗೆ ಪಿಸುಗುಟ್ಟುತ್ತದೆ, ಅದೂ ತಪ್ಪು ಉತ್ತರವನ್ನೇ. ಇಬ್ಬರೂ ಸೇರಿ ಫೇಲಾಗುವ ಪುಟವನ್ನು ಓದಿ ಈ ಇಬ್ಬರು ನಕ್ಕ ನಗುವಿಗೆ ಹಿಂದಿ ಮಿಸ್ಸು ಒಂದು ಪೀರಿಯಡ್ಡು ಹೊರಗೆ ನಿಲ್ಲಿಸಿದ್ದರು.

ನೋಡಿ ಬರೆಯಬೇಕಲ್ಲ, ದೆವ್ವವನ್ನು ಎಲ್ಲಿ ಹುಡುಕುವುದು? "ನನ್ನೇ ಬರಿಯಮ್ಮಿ" ಅಂದಳು ಭವ್ಯ. ಗೋಡೆಗೆ ಒರಗಿ, ಕೂದಲು ಬಿಚ್ಚಿಕೊಂಡು, ಕೈಯನ್ನು ಉಗುರಿನ ಥರ ಮಾಡಿ ಗಂಟೆಗಟ್ಟಲೆ ಕೂತುಕೊಟ್ಟಳು. ಹಾಗೆ ಅವಳ ಹಣೆ, ಅವಳ ಕೂದಲು, ಅವಳ ಮೊಂಡು ಮೂಗು ದೆವ್ವಕ್ಕೆ ಬಂದವು. ಜಗಳ ಹತ್ತುತ್ತಿದ್ದದ್ದು ಒಂದೇ ವಿಷಯಕ್ಕೆ.

"ಕಣ್ಣಿಲ್ದೆ ಇದ್ರೆ ಅದು ಮುಂದ್ಲೋಳ ಪೇಪರ್ರ ಎಂಗಮ್ಮಿ ನೋಡದು?"

"ದೆವ್ವಕ್ಕೆ ಕಣ್ಣು ಬೇಕಾಗಲ್ಲ."

"ನಿಮ್ ನಗರದ್ ದೆವ್ವಕ್ಕೆ ಬ್ಯಾಡ ಕಣಮ್ಮಿ. ನಮ್ ಉಡಿಗಾಲದ್ ದೆವ್ವಕ್ಕೆ ಬೇಕು."

"ದಾದಿ ಸಾಯಿಸ್ತಾರೆ."

"ಸಾಯಿಸ್ಲಿ ಬುಡು. ಆಗ ನೀನೂ ದೆವ್ವ ಆಯ್ತೀಯ, ಇಬ್ರೂ ಒಂದೇ ಬೆಂಚಲ್ಲಿ ಕೂರನ."

ಪುಸ್ತಕ ಮುಗಿದ ಮೇಲೆ ಮೈಸೂರಿನ ಯಾವುದಾದರೂ ಮಕ್ಕಳ ಪತ್ರಿಕೆಗೆ ಕಳಿಸುವುದೆಂದು ಮಾತಾಗಿತ್ತು. ಮುಬಶ್ಶಿರಾಳಿಗೆ ಅದು ಬರೀ ಮಾತಲ್ಲ. ರಾತ್ರಿ ಹಾಸಿಗೆಯಲ್ಲಿ ಅಚ್ಚಾದ ಪುಟಗಳನ್ನು ಎಣಿಸುತ್ತಿದ್ದಳು. ಒಂಬತ್ತನೇ ಕ್ಲಾಸಿಗೆ ಬರುವಷ್ಟರಲ್ಲಿ ರೆಕಾರ್ಡಿನ ಎಂಬತ್ತು ಪುಟ ತುಂಬಿತ್ತು.

ಆಗಸ್ಟ್ ತಿಂಗಳು. ಗುಂಡ್ಲುಪೇಟೆ ಸೀಮೆಯಿಂದ ಉಡಿಗಾಲದವರೆಗೆ ಚೆಂಡುಹೂವಿನ ಕಾಲ. ಭವ್ಯ ಶಾಲೆಗೆ ಹೊರಡುವ ಮುಂಚೆ ಅಪ್ಪ ಮುದ್ದಯ್ಯನ ಹೊಲದಲ್ಲಿ ಎರಡು ಚೀಲ ಹೂವು ಕುಯ್ದು ಬರಬೇಕಿತ್ತು. ಕೇರಳದ ಲಾರಿ ಹೊತ್ತೇರುವ ಮುಂಚೆ ತೂಕ ಹಾಕಿಕೊಂಡು ಹೋಗುತ್ತದೆ. ಒಂದು ಸೋಮವಾರ ಗಿಡದ ಬುಡಕ್ಕೆ ಕೈ ಹಾಕಿದಾಗ ಹಾವು ಕಡಿಯಿತು. ಆಟೋ ಸಿಕ್ಕಿ, ಆಸ್ಪತ್ರೆ ಬಾಗಿಲಿಗೆ ಬರುವಷ್ಟರಲ್ಲಿ ಮುಗಿದಿತ್ತು.

ಮುಬಶ್ಶಿರಾಳಿಗೆ ಗೊತ್ತಾದದ್ದು ಮಂಗಳವಾರ, ಹಾಜರಿ ಕೂಗುವಾಗ. ಅದೇ ಬಸ್ಸಿನಲ್ಲಿ ಬರುವ ಹುಡುಗಿ ಎದ್ದು ನಿಂತು, "ಸಾ, ಅವ್ಳು ಸತ್ತೋದ್ಲು" ಅಂದಳು. ಮೇಷ್ಟ್ರು ಕನ್ನಡಕ ತೆಗೆದು ಅಯ್ಯೋ ಶಿವನೇ ಅಂದರು. ಆಮೇಲೆ ಕೆಂಪು ಪೆನ್ನು ತೆಗೆದು ಹೆಸರಿನ ಮೇಲೆ ಗೆರೆ ಎಳೆದು ಮುಂದಿನ ಹೆಸರು ಕೂಗಿದರು. ಆ ಮೇಷ್ಟ್ರ ಮೇಲೆ ಅವಳಿಗೆ ಬಂದ ಸಿಟ್ಟು ಜನ್ಮದಲ್ಲಿ ಇಳಿಯಲಿಲ್ಲ.

ಆ ವಾರ ಪುಸ್ತಕ ಉಡಿಗಾಲದಲ್ಲಿತ್ತು. ದುಃಖದ ನಡುವೆ ಅದು ಎಲ್ಲಿದೆ ಅಂತ ಕೇಳಲು ಯಾರಿಗೆ ಬಾಯಿ ಬರುತ್ತದೆ? ಮೂರನೇ ದಿನ ಹಾಲುತುಪ್ಪಕ್ಕೆ ಬಂದ ನೆಂಟರ ಪೈಕಿ ಯಾರೋ ಭವ್ಯಳ ಬ್ಯಾಗು ಸುರಿದರು. ರೆಕಾರ್ಡ್ ಬುಕ್ಕು ಬಿತ್ತು, ಬಿಚ್ಚಿಕೊಂಡಿತು. ನೋಡುತ್ತಾರೆ, ಸತ್ತ ಹುಡುಗಿ! ಕೂದಲು ಕೆದರಿಕೊಂಡು ಗಾಳಿಯಲ್ಲಿ ತೇಲುತ್ತಿದ್ದಾಳೆ. ಮೇಲೆ ದಪ್ಪಕ್ಷರದಲ್ಲಿ 'ಹಿಂದಿನ ಬೆಂಚಿನ ದೆವ್ವ'. ಸಾಯುವ ಮುಂಚೆಯೇ ಬರೆದಿಟ್ಟಿದ್ದಾರೆ. ಇನ್ನೇನು ಬೇಕಿತ್ತು? ಎಲ್ಲಿಂದಲೋ ಒಬ್ಬ ಶಾಸ್ತ್ರ ಹೇಳುವವನನ್ನು ಕರೆತಂದರು. ಮೈನೆರೆದು ಮದುವೆಯಾಗದೆ ಸತ್ತ ಹೆಣ್ಣು, ಮೇಲಾಗಿ ದೆವ್ವ ಮಾಡಿ ಬರೆದಿದ್ದಾರೆ, ಬಿಟ್ಟರೆ ಮನೆ ಬಾಗಿಲು ಕಾಯುತ್ತಾಳೆ ಅಂದ ಮಹಾನುಭಾವ. ಅವಳ ಮುಖ ಇರುವುದು ಒಂದು ಚೂರೂ ಉಳಿಯಬಾರದು. ಉಳಿದರೆ ಅದರ ಜಾಡು ಹಿಡಿದು ಬರುತ್ತಾಳೆ.

ಸುಟ್ಟರು. ಪುಸ್ತಕ ಸುಟ್ಟರು, ಬಟ್ಟೆ ಸುಟ್ಟರು. ಮೈನೆರೆದಾಗ ಮೊಗ್ಗಿನ ಜಡೆ ಹಾಕಿ, ಹಿಂದೆ ಕನ್ನಡಿ ಇಟ್ಟು ಸ್ಟುಡಿಯೋದಲ್ಲಿ ತೆಗೆಸಿದ್ದ ಒಂದೇ ಒಂದು ಫೋಟೊವನ್ನು ಗಾಜು ಒಡೆದು ಸುಟ್ಟರು. ಎಸ್ಸೆಸ್ಸೆಲ್ಸಿಗೆ ಬಂದಿದ್ದರೆ ಗ್ರೂಪ್ ಫೋಟೊ ಇರುತ್ತಿತ್ತು, ಹಾಲ್ ಟಿಕೆಟ್ಟಿಗೆ ಫೋಟೊ ಇರುತ್ತಿತ್ತು. ಅಲ್ಲಿಯವರೆಗೆ ಶಾಲೆಗೆ ಯಾರ ಮುಖವೂ ಬೇಕಿರುವುದಿಲ್ಲ.

ವಾರ ಕಳೆದು ಮುದ್ದಯ್ಯ ಅಬ್ದುಲ್ ರಹೀಮನ ಬೋರ್ಡಿನ ಅಂಗಡಿಗೆ ಬಂದ. ಕೂಗಾಡಲಿಲ್ಲ. ಕೂಗಾಡಿದ್ದರೆ ಚೆನ್ನಾಗಿತ್ತು. ಟವೆಲು ಬಾಯಿಗೆ ಒತ್ತಿಕೊಂಡು ನಿಂತು, "ಸಾಬ್ರೇ, ನಿನ್ ಮಗ್ಳು ನನ್ ಮಗ್ಳ ದೆವ್ವ ಮಾಡ್ಬುಟ್ಲಲ್ಲಾ" ಅಂದ. "ನಿಮ್ಗೇನಾರ ಮಾಡಿದ್ನಾ ನಾನು? ಬರ್ದಂಗೇ ಆಗೋಯ್ತಲ್ಲಾ."

ಅಕ್ಕಪಕ್ಕದ ಅಂಗಡಿಯವರು ಎದ್ದು ಬಂದರು. ಅಬ್ದುಲ್ ರಹೀಂ ಬಣ್ಣದ ಕೈಗಳನ್ನು ಜೋಡಿಸಿ, "ತಪ್ಪಾಯ್ತು ಮುದ್ದಣ್ಣ. ಮಕ್ಕಳು, ಗೊತ್ತಾಗಲಿಲ್ಲ" ಅಂದುಬಿಟ್ಟ. ಒಳಗೆ ನಿಂತಿದ್ದ ಮುಬಶ್ಶಿರಾ ಅದನ್ನು ಕೇಳಿದಳು. ಏನು ತಪ್ಪು? ಹಾವು ಕಚ್ಚಿದ್ದು ಯಾರ ತಪ್ಪು? ಅಪ್ಪ ಅಷ್ಟು ಜನರ ಮುಂದೆ 'ನನ್ನ ಮಗಳದು ತಪ್ಪಿಲ್ಲ' ಅಂದಿದ್ದರೆ ಅಷ್ಟೇ ಸಾಕಿತ್ತು ಅವಳಿಗೆ. ಅನ್ನಲಿಲ್ಲ. ರಾತ್ರಿ ಕುಲ್ಸುಂ ಬಿ, "ನಾನು ಹೇಳಿರಲಿಲ್ವಾ? ತೌಬಾ ಮಾಡು, ಅಲ್ಲಾಹನ ಹತ್ತಿರ ಮಾಫಿ ಕೇಳು" ಅಂತ ಕುರ್‌ಆನಿನ ಮೇಲೆ ಕೈ ಇರಿಸಿ, ಇನ್ನು ಮುಖ ಬರೆಯುವುದಿಲ್ಲ ಅಂತ ಆಣೆ ಮಾಡಿಸಿದಳು. ಹುಡುಗಿ ಅಳಲಿಲ್ಲ. ಅತ್ತರೆ ಒಪ್ಪಿಕೊಂಡ ಹಾಗಾಗುತ್ತದೆ ಅಂದುಕೊಂಡಳು.

ಮಾತು ಊರಿನಲ್ಲಿ ಉಳಿಯಿತು. ಬೋರ್ಡ್ ಬರೆಸುವವರು ಕಮ್ಮಿಯಾದರು. ಅದು ದೆವ್ವದ ದೆಸೆಯಿಂದಲ್ಲ, ಫ್ಲೆಕ್ಸಿನ ದೆಸೆಯಿಂದ. ಒಂದು ದಿನದಲ್ಲಿ ಬಣ್ಣಬಣ್ಣದ ಬ್ಯಾನರು ಕೈಗೆ ಸಿಗುವಾಗ ನಾಲ್ಕು ದಿನ ಕಾಯುವ ಮೂರ್ಖ ಯಾರು? ಎರಡೂ ಸೇರಿ ಅಬ್ದುಲ್ ರಹೀಂ ಡಬ್ಬಿ, ಬ್ರಶ್ಶು ಕಟ್ಟಿಕೊಂಡು ಸಂಸಾರ ಸಮೇತ ಗುಂಡ್ಲುಪೇಟೆಗೆ ಬಂದ. ಶಾಲೆಗೆ ಮುಂದಿನ ವರ್ಷ ಸೇರಿಸೋಣ ಅಂದರು. ಮುಂದಿನ ವರ್ಷದ ಜೂನ್ ಬಂತು, ಹೋಯಿತು. ಮುಬಶ್ಶಿರಾ ಅಂಗಡಿಯಲ್ಲಿ ಕೂತು ಅಪ್ಪ ಎಳೆದ ಅಕ್ಷರದ ಹೊಟ್ಟೆಯೊಳಗೆ ಬಣ್ಣ ತುಂಬತೊಡಗಿದಳು.

ಊಟಿ ರಸ್ತೆಯ ಲಾರಿಗಳಿಗೆ ನಂಬರು, ಹೋಟೆಲಿಗೆ ಊಟ ಸಿಗುತ್ತದೆ ಅಂತ ಮಲಯಾಳದಲ್ಲಿ ಒಂದು ಸಾಲು, ಇಷ್ಟರಿಂದ ಒಲೆ ಉರಿಯಲಿಲ್ಲ. ಕೊನೆಗೆ ಅಪ್ಪ ಮುಖಕ್ಕೆ ಕೈ ಹಾಕಿದ. ಬ್ಯೂಟಿ ಪಾರ್ಲರು, ಲೇಡೀಸ್ ಟೈಲರು. ಒಂದು ಹಳೇ ಕ್ಯಾಲೆಂಡರಿನ ಹೆಂಗಸಿನ ಮುಖವನ್ನು ಕಂದು ಕಾಗದಕ್ಕೆ ಇಳಿಸಿಕೊಂಡ. ಗೆರೆಯುದ್ದಕ್ಕೂ ಸೂಜಿಯಿಂದ ತೂತು ಚುಚ್ಚಿದ. ಬೋರ್ಡಿನ ಮೇಲೆ ಆ ಕಾಗದ ಇಟ್ಟು ಇದ್ದಿಲ ಪುಡಿಯ ಗಂಟಿನಿಂದ ತಟ್ಟಿದರೆ ಚುಕ್ಕಿಚುಕ್ಕಿಯಾಗಿ ಮುಖ ಇಳಿಯುತ್ತಿತ್ತು. ಊರಿನ ಎಲ್ಲ ಪಾರ್ಲರಿಗೂ ಅದೇ ಹೆಂಗಸು, ಅದೇ ಮೀನಿನಂಥ ಉದ್ದ ಕಣ್ಣು.

"ಅಬ್ಬಾ ಕಣ್ಣು ಬರೀತಾರಲ್ಲ ದಾದಿ?" ಅಂತ ಮುಬಶ್ಶಿರಾ ಒಂದು ದಿನ ಕೇಳಿಯೇಬಿಟ್ಟಳು.

"ಅವನು ಹೊಟ್ಟೆಗೆ ಬರೀತಾನೆ. ನೀನು ಶೋಕಿಗೆ ಬರೆದೆ" ಅಂದಳು ಕುಲ್ಸುಂ ಬಿ, ರೊಟ್ಟಿ ಮುರಿಯುತ್ತ.

ಭವ್ಯ ಸತ್ತ ಮರುವರ್ಷ, ಮಹಾಲಯ ಅಮಾವಾಸ್ಯೆಗೆ ಎರಡು ದಿನ ಇರುವಾಗ, ಮಧ್ಯಾಹ್ನ, ಅಪ್ಪ ಬಸ್ ಸ್ಟ್ಯಾಂಡಿನ ಹೋಟೆಲಿಗೆ ಅಳತೆ ತೆಗೆಯಲು ಹೋಗಿದ್ದ. ರಸ್ತೆಯ ಆ ಬದಿ ಒಬ್ಬಳು ಹೆಂಗಸು ಬಹಳ ಹೊತ್ತಿನಿಂದ ನಿಂತಿದ್ದಳು. ಕೊನೆಗೆ ದಾಟಿ ಬಂದಳು. ಭವ್ಯಳ ತಾಯಿ ಚಿಕ್ಕನಿಂಗಮ್ಮ. ಒಂದು ಸಲ ಬೇಯಿಸಿದ ಕಳ್ಳೇಕಾಯಿಯನ್ನು ಮಗಳ ಕೈಯಲ್ಲಿ ಕಳಿಸಿ, ಇನ್ನೊಂದು ಸಲ ಶಾಲೆಯ ಗೇಟಿನಲ್ಲಿ ಇವಳ ಗಲ್ಲ ಹಿಡಿದು 'ಎಷ್ಟ್ ಬೆಳ್ಳಗವ್ಳೆ' ಅಂದು ನಕ್ಕವಳು. ಈಗ ಗುರುತೇ ಸಿಗದಷ್ಟು ಇಳಿದುಹೋಗಿದ್ದಳು.

"ನೀನೇ ಅಲ್ವೇನವ್ವ, ನಮ್ಮುಡ್ಗಿ ಜೊತ್ಗಾತಿ?"

ಮುಬಶ್ಶಿರಾ ಬ್ರಶ್ಶನ್ನು ಡಬ್ಬಿಯ ಮೇಲೆ ಇಟ್ಟಳು. ಚಿಕ್ಕನಿಂಗಮ್ಮ ಹೊಸ್ತಿಲ ಹೊರಗೇ ಕುಕ್ಕರುಗಾಲಿನಲ್ಲಿ ಕೂತಳು.

"ನಮ್ ಯಜಮಾನ್ರಿಗೆ ಗೊತ್ತಿಲ್ಲ. ಆಸ್ಪತ್ರೆಗೆ ಓಯ್ತೀನಿ ಅಂದ್ಬುಟ್ಟು ಬಂದೆ. ಪಕ್ಸಕ್ಕೆ ಎಡೆ ಇಕ್ಬೇಕು ಕಣವ್ವ. ಓದೊರ್ಸ ಸೂತ್ಕ ಅಂತ ಇಕ್ನಿಲ್ಲ. ಅವ್ಳು ಕನಸ್ಗೆ ಬತ್ತಾವ್ಳೆ. ಬಾಕ್ಲಲ್ಲಿ ನಿಂತ್ಕಂಡು ಅವ್ವ ಅಸಿವು ಅಂತಾಳೆ. ಮಕವೇ ಇಲ್ಲ ಕಣವ್ವ, ಬರೀ ಬೆಳ್ಳಗದೆ. ಪೋಟ ಇಲ್ದೆ ಎಡೆ ಇಕ್ಕುದ್ರೆ ಇನ್ಯಾರೋ ಉಂಡ್ಕ ಓಯ್ತಾರೆ. ಅವ್ಳ ಮಕ ಬರ್ಕೊಡು. ನಿನ್ ಕಾಲ್ಗೆ ಬೀಳ್ತೀನಿ."

ಸ್ಟುಡಿಯೋಗೆ ಹೋಗಿ ಕೇಳಿದ್ದಳಂತೆ, ನೆಗೆಟಿವ್ ಇಲ್ಲ ಅಂದರಂತೆ. ನೆಂಟರ ಮದುವೆಯ ಆಲ್ಬಮ್ಮಿನಲ್ಲಿ ಹುಡುಕಿದರೆ ಯಾರದೋ ಭುಜದ ಹಿಂದೆ ಒಂದು ಕಿವಿ, ಅರ್ಧ ಜಡೆ ಸಿಕ್ಕಿತಂತೆ.

ಮುಬಶ್ಶಿರಾಳ ಮೈಯೆಲ್ಲ ಉರಿಯಿತು. ಈಗ ಬಂದಳಾ? ನನ್ನ ಎಂಬತ್ತು ಪುಟ ಬೂದಿ ಮಾಡಿ, ನನ್ನ ಅಪ್ಪ ಬೀದಿಯಲ್ಲಿ ಕೈ ಮುಗಿಯುವ ಹಾಗೆ ಮಾಡಿ, ಈಗ ಬರಿ ಅನ್ನುತ್ತಾಳೆ. ಎದ್ದು ಹೋಗು ಅನ್ನಬೇಕು ಅಂದುಕೊಂಡಳು. ಆದರೆ ಕೈಗೆ ಒಂದು ವರ್ಷದ ಹಸಿವಿತ್ತು. ಆಣೆಯನ್ನು ಆಚೆಗಿಟ್ಟು ಬಿಳಿ ಹಾಳೆ, ಪೆನ್ಸಿಲ್ಲು ತೆಗೆದಳು.

ನಾಚಿಕೆಗೆಟ್ಟ ಕೈ, ಒಂದನ್ನೂ ಮರೆತಿರಲಿಲ್ಲ. ಅಗಲ ಹಣೆ ಬಂತು. ಬಲಹುಬ್ಬಿನ ಮೇಲೆ ಕುಡುಗೋಲು ತಾಗಿದ ಗಾಯದ ಗುರುತು ಬಂತು. ಮೊಂಡು ಮೂಗು, ನಕ್ಕರೆ ಇಣುಕುವ ಓರೆಹಲ್ಲು, ಓಲೆಯಿಲ್ಲದ ಕಿವಿಯ ತೂತಿಗೆ ಸಿಕ್ಕಿಸಿದ ಬೇವಿನ ಕಡ್ಡಿ.

"ಅಯ್ಯೋ ನನ್ನವ್ವ, ಕಡ್ಡೀನೂ ನೆಪ್ಪಿಟ್ಟಿದ್ದೀಯಲ್ಲಾ" ಅಂತ ಚಿಕ್ಕನಿಂಗಮ್ಮ ಹಾಳೆಯನ್ನು ಮುಟ್ಟಲು ಹೋಗಿ ಕೈ ಹಿಂದೆ ತೆಗೆದಳು.

ಕಣ್ಣಿನ ಜಾಗಕ್ಕೆ ಬಂದು ಪೆನ್ಸಿಲ್ಲು ನಿಂತಿತು. ಮುಬಶ್ಶಿರಾ ಕಣ್ಣು ಮುಚ್ಚಿ ನೆನೆಸಿಕೊಂಡಳು. ಬೆಂಚು ಬಂತು, ಗೋಡೆ ಬಂತು, ಗೋಡೆಗೆ ಒರಗಿದ ಭವ್ಯ ಬಂದಳು. ಹುಬ್ಬಿನ ಕೆಳಗೆ ಬರೀ ಬಿಳಿ. ಒಂದು ವರ್ಷಕ್ಕೂ ಮೇಲೆ ಮೊಣಕೈಗೆ ಮೊಣಕೈ ತಾಗಿಸಿ ಕೂತಿದ್ದಳು, ಒಂದು ದಿನವಾದರೂ ಅವಳ ಕಣ್ಣನ್ನು ನೋಡಿರಲಿಲ್ಲ.

"ಕಣ್ಣು ಹೇಗಿತ್ತಮ್ಮ ಅವಳದು?"

"ಚೆಂದಾಗಿತ್ತು ಕಣವ್ವ."

"ದೊಡ್ಡದಾ? ಸಣ್ಣದಾ?"

"ಚೆಂದಾಗಿತ್ತು" ಅಂದಳು ಮತ್ತೆ. ಏನನ್ನೋ ಹುಡುಕುವವಳ ಹಾಗೆ ನೆಲ ನೋಡಿದಳು. "ಆ ಬುಕ್ಕಲ್ಲಿ ಬರ್ದಿದ್ಯಲ್ಲ, ಅಂಗೇ ಬರಿ." ಆಮೇಲೆ ದನಿ ತಗ್ಗಿಸಿದಳು. "ಅದ್ನ ಬೆಂಕಿಗಾಕ್ದೋಳು ನಾನೇ ಕಣವ್ವ. ಯಜಮಾನ್ರು ತಡಿ ತಡಿ ಅಂದ್ರು. ನಾನೇ ಕಿತ್ಕಂಡು ಆಕ್ಬುಟ್ಟೆ. ಒಂದ್ ಆಳೆ ತಿರುವಿ ನೋಡ್ನಿಲ್ಲ. ಯೋಳು ಮಗ, ಅದ್ರಲ್ಲಿ ಅವ್ಳಿಗೆ ಕಣ್ಣಿತ್ತಾ?"

ಇರಲಿಲ್ಲ ಅಂದಿದ್ದರೆ ಆಗುತ್ತಿತ್ತು. ನಿಜವೂ ಅದೇ. ಅಷ್ಟರಮಟ್ಟಿಗೆ ಆ ತಾಯಿ ಕಮ್ಮಿ ಸುಟ್ಟ ಹಾಗಾಗುತ್ತಿತ್ತು. ಆದರೆ ಮುಬಶ್ಶಿರಾಳ ಒಳಗೆ ಒಂದು ವರ್ಷದಿಂದ ಕೊಳೆಯುತ್ತಿದ್ದ ಸಿಟ್ಟು ಬಾಯಿಗೆ ಬಂತು.

"ಇತ್ತು" ಅಂದಳು. "ಒಂದೊಂದು ಪುಟದಲ್ಲೂ ಇತ್ತು. ನಿಮ್ಮನ್ನೇ ನೋಡ್ತಿರೋ ಹಾಗೆ ಬರೆದಿದ್ದೆ."

ಚಿಕ್ಕನಿಂಗಮ್ಮ ಎರಡೂ ಕೈಯಿಂದ ತಲೆ ಚಚ್ಚಿಕೊಂಡಳು. "ನೋಡ್ತಿದ್ಲಾ? ನನ್ ನೋಡ್ತಿದ್ಲಾ? ಕಣ್ಣಿರೋ ಮಗ್ಳ ಕೈಯಾರ ಸುಟ್ಬುಟ್ನಲ್ಲಪ್ಪಾ!" ಎದುರಿನ ಸೈಕಲ್ ಶಾಪಿನವನು ಕೆಲಸ ನಿಲ್ಲಿಸಿ ನೋಡಿದ. ಮುಬಶ್ಶಿರಾಳಿಗೆ ಮೊದಲು ಬಂದದ್ದು ಸಂತೋಷ. ಹೌದು, ಸಂತೋಷವೇ, ಅದನ್ನು ಮುಚ್ಚಿಟ್ಟು ಏನು ಪ್ರಯೋಜನ? ಅದು ಮೂರು ಉಸಿರಿನಷ್ಟು ಹೊತ್ತು ಇತ್ತು. ಆಮೇಲೆ ಭಯವಾಯಿತು. ಆದರೂ ಹೇಳಿದ ಮಾತನ್ನು ವಾಪಸು ತೆಗೆದುಕೊಳ್ಳಲಿಲ್ಲ.

ಅತ್ತು ಸುಸ್ತಾದ ಹೆಂಗಸು ಸೆರಗಿನಿಂದ ಮೂಗು ಒರೆಸಿಕೊಂಡು ಮುಂದಕ್ಕೆ ಸರಿದಳು. "ಅಂಗಾರೆ ನಿನ್ ಕೈಗೆ ಗೊತ್ತದೆ. ಅದೇ ಕಣ್ಣ ಬರಿ ಮಗ. ಬರಿ."

ಈಗ ಎಲ್ಲಿಗೆ ಹೋಗುವುದು? ಮುಬಶ್ಶಿರಾ ತಲೆಯೆತ್ತಿದಳು. ಚಿಕ್ಕನಿಂಗಮ್ಮನ ಬೆನ್ನ ಹಿಂದೆ, ಹೊರಗಡೆ, ಬೆಳಿಗ್ಗೆ ಮುಗಿಸಿದ ಪಾರ್ಲರ್ ಬೋರ್ಡು ಬಿಸಿಲಿಗೆ ಒರಗಿಸಿತ್ತು. ತಾಯಿಯ ತಲೆಯ ಮೇಲಿಂದ ಅದನ್ನು ನೋಡುತ್ತ, ನೋಡುತ್ತ, ಆ ಕ್ಯಾಲೆಂಡರ್ ಹೆಂಗಸಿನ ಕಣ್ಣುಗಳನ್ನು ಭವ್ಯಳ ಹುಬ್ಬಿನ ಕೆಳಗೆ ಇಳಿಸಿದಳು. ರೆಪ್ಪೆ ತಿದ್ದಿದಳು. ಪಾಪೆಯೊಳಗೆ ಬೆಳಕಿನ ಚುಕ್ಕಿ ಬಿಟ್ಟಳು. ನೆನಪು ಮಾಡಿಕೊಳ್ಳುತ್ತಿದ್ದಾಳೆ ಅಂದುಕೊಂಡು ಚಿಕ್ಕನಿಂಗಮ್ಮ ಉಸಿರು ಬಿಗಿಹಿಡಿದು ಕೂತಿದ್ದಳು.

ಹಾಳೆ ಕೈಗೆ ಬಂದಾಗ ಅವಳು ಅದನ್ನು ಬೆಳಕಿಗೆ ಹಿಡಿದು ನೋಡಿದಳು. ಇನ್ನು ಹಿಡಿದುಹಾಕುತ್ತಾಳೆ, ಇದು ನನ್ನ ಮಗಳ ಕಣ್ಣಲ್ಲ ಅಂತ ಮುಖಕ್ಕೆ ಎಸೆಯುತ್ತಾಳೆ ಅಂತ ಮುಬಶ್ಶಿರಾ ಕಾದಳು. ಎಸೆಯಲಿ ಅಂತಲೇ ಕಾದಳು. ಎಸೆದರೆ ಭವ್ಯಳ ಕಣ್ಣು ಹೀಗಿರಲಿಲ್ಲ, ಹಾಗಿತ್ತು ಅಂತಲಾದರೂ ಗೊತ್ತಾಗುತ್ತದೆ.

"ಇವ್ಳೇ" ಅಂದಳು ಚಿಕ್ಕನಿಂಗಮ್ಮ. "ಇವ್ಳೇ ಕಣವ್ವ ನನ್ ಕೂಸು. ಇದೇ ಕಣ್ಣು. ಎಂಗ್ ನೋಡ್ತಾವ್ಳೆ ನೋಡು."

ಹಾಳೆಯನ್ನು ಸುರುಳಿ ಸುತ್ತಿ ಸೆರಗಿನೊಳಗೆ ಇಟ್ಟುಕೊಂಡಳು. ಮುಬಶ್ಶಿರಾಳ ತಲೆ ಮೇಲೆ ಕೈಯಿಟ್ಟು, ನಿನ್ ಒಟ್ಟೆ ತಣ್ಣಗಿರ್ಲಿ ಅಂದಳು. ಎದ್ದು ತಿರುಗಿದರೆ ಎದುರಿಗೇ ಬೋರ್ಡು. ಎರಡಡಿ ಅಗಲದ ಮುಖದಲ್ಲಿ ಅದೇ ಕಣ್ಣುಗಳು. ಅವಳು ಅವನ್ನು ನೋಡಿದಳು, ಹಸಿ ಬಣ್ಣ ಸೀರೆಗೆ ತಾಗದ ಹಾಗೆ ನೆರಿಗೆ ಎತ್ತಿ ಹಿಡಿದು ಬಳಸಿಕೊಂಡು ಬಸ್ ಸ್ಟ್ಯಾಂಡಿನ ಕಡೆಗೆ ನಡೆದಳು.

ಹೆತ್ತವಳಿಗೂ ಆ ಕಣ್ಣು ಮರೆತುಹೋಗಿತ್ತು. ಇನ್ನು ಯಾರನ್ನು ಕೇಳುವುದು?